ಬಿಳಿಯದಕ್ಕೆ ಹೆದರದ ಮನೆ

ದೊರೆಯನ್ನು ಮನೆಯಿಂದ ಕಳಿಸಬೇಕೆಂದರೆ ಮೊದಲು ಅವನ ಮುಖ ವಾಸಿಯಾಗಬೇಕಿತ್ತು. ಕಾಯಿಲೆಯ ಹಕ್ಕಿಯನ್ನು ಯಾರೂ ಸುಮ್ಮನೆ ಒಳಗೆ ಸೇರಿಸುವುದಿಲ್ಲ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ತಾರಸಿಗೆ ಜಾಲರಿ ಕಟ್ಟಿಸಿ ಹತ್ತಾರು ಹಕ್ಕಿಗಳನ್ನು ಸಾಕಿದ್ದರು. ಅವರು ಭಾವನನ್ನು ಬಾಗಿಲಲ್ಲೇ ನಿಲ್ಲಿಸಿ, "ಗುಣ ಮಾಡಿ ತನ್ನಿ, ಇಟ್ಕೋತೀನಿ. ಹೀಗೇ ತಂದ್ರೆ ನನ್ನ ಮಕ್ಕಳ ಗತಿ ಏನ್ರೀ?" ಎಂದು ಕೇಳಿ ಕಳಿಸಿದ್ದರು. ಹಾಗಾಗಿ ಗುಣಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸೂಕ್ಷ್ಮಜೀವಿಶಾಸ್ತ್ರದ ಪದವಿ ಮುಗಿಸಿ, ಆಹಾರ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿ, ಅಕ್ಕನ ಮನೆಯ ಮಹಡಿಯ ಕೋಣೆಗೆ ಬಂದು ನಾನು ನೆಲೆಸಿ ಹೆಚ್ಚು ಕಾಲವಾಗಿರಲಿಲ್ಲ.

ದೊರೆ ಅಕ್ಕನ ಅತ್ತೆಯ ಕಾಕಟೀಲ್, ಗಿಳಿಯ ಜಾತಿಯ ಪುಟ್ಟ ಹಕ್ಕಿ. ಬೂದು ಮೈ, ಹಳದಿ ಜುಟ್ಟು, ಎರಡು ಕೆನ್ನೆಗಳಲ್ಲೂ ಕಿತ್ತಳೆ ಬೊಟ್ಟು. ಜುಟ್ಟನ್ನು ನೆಟ್ಟಗೆ ನಿಲ್ಲಿಸಿಕೊಂಡು ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುವ ಠೀವಿಗೆ ಅತ್ತೆಯೇ ಇಟ್ಟ ಹೆಸರು ಅದು. ನಾನು ಬರುವ ಹೊತ್ತಿಗೆ ದೊರೆತನ ಇಳಿದುಹೋಗಿತ್ತು. ಕೊಕ್ಕಿನ ಬುಡದಲ್ಲಿಯೂ ಕಣ್ಣಿನ ಸುತ್ತಲೂ ಗರಿ ಉದುರಿ, ಚರ್ಮದ ಮೇಲೆ ಬಿಳಿಯ ಹೊಪ್ಪಳೆ ಕಟ್ಟಿತ್ತು. ಕೆನ್ನೆಯ ಒಂದು ಬೊಟ್ಟು ಅರ್ಧ ಮಾತ್ರ ಉಳಿದಿತ್ತು.

ಕಳಿಸುವ ಮಾತು ಹುಟ್ಟಿದ್ದು ಹಕ್ಕಿಯ ಮುಖದಿಂದಲ್ಲ, ಅಕ್ಕನ ಕೆಮ್ಮಿನಿಂದ. ಒಣಕೆಮ್ಮಾಗಿ ಶುರುವಾದದ್ದು ಬರಬರುತ್ತಾ ಎದೆ ಹಿಡಿಯುವಷ್ಟಾಯಿತು. ಸಂಜೆಯಾದರೆ ಚಳಿ, ಮೈಬಿಸಿ. ಮಹಡಿ ಹತ್ತಿ ಬಂದರೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಎದೆಯ ಡಾಕ್ಟರು ಚಿತ್ರ ತೆಗೆಸಿ, ಕೊಳವೆಯೊಂದರೊಳಕ್ಕೆ ಊದಿಸಿ, ಕೊನೆಗೆ, "ಮನೇಲಿ ಹಕ್ಕಿ ಇದೆಯಾ?" ಎಂದು ಕೇಳಿದರಂತೆ. ಇದೆ ಎಂದ ಕೂಡಲೇ ಅವರ ಅನುಮಾನ ಖಚಿತವಾಯಿತು. ಹಕ್ಕಿಯ ಗರಿಯ ಧೂಳು, ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ದಿನವೂ ಅದನ್ನೇ ಉಸಿರಾಡಿದರೆ ಒಳಗೆ ಗಾಯವಾಗಿ, ಗಾಯ ಮಾದು ಗಟ್ಟಿಯಾಗಿ, ಆ ಭಾಗ ಮತ್ತೆ ಗಾಳಿ ತುಂಬಿಕೊಳ್ಳದು. ಈಗ ಆಗಿರುವುದು ಹಿಂದಿರುಗಬಹುದು, ಇನ್ನು ಮುಂದೆ ಆಗುವುದು ಹಿಂದಿರುಗದು. ಕಾರಣ ಮನೆಯಿಂದ ಹೋಗಬೇಕು. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಅತ್ತೆ ಒಪ್ಪಲಿಲ್ಲ. ಒಪ್ಪದೆ ಇರಲೂ ಇಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದು ಪಾತ್ರೆಗಳಿಗೆ ಕೇಳಿಸುವಂತೆ ಗೊಣಗುತ್ತಾ ಎರಡು ದಿನ ಅಡುಗೆಮನೆಯಲ್ಲಿ ಓಡಾಡಿದರು. ಮೂರನೆಯ ದಿನ ಅಕ್ಕ ಬಚ್ಚಲ ಗೋಡೆಗೆ ಒರಗಿ ಕೆಮ್ಮುತ್ತಿದ್ದದ್ದನ್ನು ನೋಡಿ, "ಕಳಿಸಿಬಿಡು ಮಗನೇ. ಹಕ್ಕಿ ಇನ್ನೊಂದು ಬರತ್ತೆ," ಎಂದರು. ಆಮೇಲೆ ಪಂಜರದ ಮುಂದೆ ಬಹಳ ಹೊತ್ತು ಕೂತಿದ್ದರು.

ಆ ಮನೆಯ ಮುಂದಿನ ಅರ್ಧ ಮನುಷ್ಯರಿಗೆ, ಹಿಂದಿನ ಅರ್ಧ ಅಣಬೆಗೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಮಾಡಿದ ಬೆಳೆಕೋಣೆಯಲ್ಲಿ, ಮೇಲಿಂದ ಇಳಿಬಿಟ್ಟ ಹಗ್ಗಗಳಲ್ಲಿ ಒಣಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ಒಂದರ ಕೆಳಗೊಂದು ತೂಗುತ್ತಿದ್ದವು. ಕಿಟಕಿಗಳಿಗೆ ಕಪ್ಪು ಹಾಳೆ. ಮೂಲೆಯಲ್ಲೊಂದು ಯಂತ್ರ ಗಂಟೆಗೊಮ್ಮೆ ನಿಟ್ಟುಸಿರಿಟ್ಟು ಮಂಜು ಬಿಡುತ್ತಿತ್ತು. ಹುಲ್ಲು ಬೇಯಿಸಿ ಬಸಿಯುವುದು, ಬೀಜ ಬೆರೆಸಿ ಚೀಲ ಕಟ್ಟುವುದು, ನೀರು ಚಿಮುಕಿಸುವುದು, ಕೊಯ್ಯುವುದು ಅಕ್ಕನ ಕೆಲಸ. ತೂಗಿ ಡಬ್ಬಿಗೆ ತುಂಬಿ ಹೋಟೆಲುಗಳಿಗೆ ಮುಟ್ಟಿಸುವುದು ಭಾವನ ಕೆಲಸ. ಕೊಯ್ಯುವುದು ಅರ್ಧ ದಿನ ತಡವಾದರೂ ಅಣಬೆ ತನ್ನ ಕೊಡೆಯನ್ನು ಪೂರ್ತಿ ಬಿಚ್ಚಿ, ಹಿಟ್ಟಿಗಿಂತ ನಯವಾದ ಬಿಳಿಯ ಪುಡಿಯನ್ನು ಉದುರಿಸುತ್ತದೆ. ಅದು ಅದರ ಬೀಜಕಣ. ಬಾಗಿಲ ಪಟ್ಟಿಯ ಮೇಲೆ, ಮೊಳೆಗೆ ನೇತುಹಾಕಿದ ಅಕ್ಕನ ಏಪ್ರನ್ನಿನ ಮಡಿಕೆಗಳಲ್ಲಿ, ಬಲ್ಬಿನ ಬುರುಡೆಯ ಮೇಲೆ ಅದು ಸದಾ ಕೂತಿರುತ್ತಿತ್ತು.

ಬೆಳೆಗಾರರ ಮನೆಗೆ ಬೆಳೆಯೇ ಕಣ್ಣು. ಅಲ್ಲಿನ ಕಣ್ಣುಗಳು ಒಂದೇ ಪಾಠ ಕಲಿತಿದ್ದವು: ಬಿಳಿ ಒಳ್ಳೆಯದು, ಹಸಿರು ಕೆಟ್ಟದ್ದು. ಚೀಲದೊಳಗೆ ಬಿಳಿಯ ಎಳೆ ಹಬ್ಬಿದರೆ ಮೂವರ ಮುಖವೂ ಅರಳುತ್ತಿತ್ತು. ಎಲ್ಲಾದರೂ ಹಸಿರು ಚುಕ್ಕಿ ಕಂಡರೆ, ಬೇಡದ ಬೂಷ್ಟು ಸೇರಿಕೊಂಡಿತೆಂದು ಆ ಚೀಲವನ್ನು ಉಸಿರು ಬಿಗಿಹಿಡಿದು ಹೊತ್ತೊಯ್ದು ದೂರದಲ್ಲಿ ಹೂಳುತ್ತಿದ್ದರು. ದೊರೆಯ ಕೊಕ್ಕಿನ ಬುಡದಲ್ಲಿ ಬಿಳಿ ಪುಡಿ ಕಂಡಾಗ ಅತ್ತೆ ಅಕ್ಕನನ್ನು ಕರೆದು ತೋರಿಸಿದ್ದರು. ಅಕ್ಕ ಚೀಲ ನೋಡುವ ಕಣ್ಣಲ್ಲೇ ನೋಡಿ, "ಬಿಳಿ ತಾನೆ ಅತ್ತೆ, ಹಸಿರೇನಿಲ್ಲ," ಎಂದಿದ್ದಳು. ಅಲ್ಲಿಗೆ ಮಾತು ಮುಗಿದಿತ್ತು. ಗರಿ ಉದುರತೊಡಗಿದ ಮೇಲೆ ಭಾವ ತಾನು ಹುಳುಕಡ್ಡಿಗೆ ಹಚ್ಚಿಕೊಂಡಿದ್ದ ಮುಲಾಮನ್ನು ಹುಡುಕಿ ಹಕ್ಕಿಗೂ ಸವರಿದ್ದ.

ಪಶುವೈದ್ಯೆಯ ಬಳಿಗೆ ನಾನು, ಭಾವ ಇಬ್ಬರೂ ಹೋದೆವು. ಮೊಣಕೈವರೆಗೂ ಗೀಚುಗಾಯಗಳಿದ್ದ ಎತ್ತರದ ಹೆಂಗಸು ಆಕೆ. ದೊರೆಯನ್ನು ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿದರು.

"ಏನು ಹಚ್ಚಿದ್ರಿ ಇದಕ್ಕೆ? ಎಣ್ಣೆ ಬಿಟ್ಟ ಕದದ ಕೀಲಿನ ಥರ ಹೊಳೀತಿದೆ."

"ಮುಲಾಮು," ಎಂದ ಭಾವ. "ನನಗೆ ಎರಡೇ ಸಲಕ್ಕೆ ವಾಸಿಯಾಗಿತ್ತು."

"ನೀವು ಮೈನ ಬಾಯಲ್ಲಿ ಬಾಚ್ಕೊಳ್ಳಲ್ಲವಲ್ಲ. ಇದು ಬಾಚ್ಕೊಳತ್ತೆ. ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗತ್ತೆ. ಜಿಡ್ಡಿಗೆ ಗರಿ ಅಂಟ್ಕೊಂಡ್ರೆ ಚಳಿ ತಡೆಯಲ್ಲ. ಮೇಲಾಗಿ ನೀವು ಹೇಳೋ ಮುಲಾಮಲ್ಲಿ ಉರಿ ತಗ್ಗಿಸೋ ಔಷಧಿನೂ ಸೇರಿಸಿರ್ತಾರೆ. ಅದು ಹಕ್ಕಿಯ ಮೈಯಲ್ಲಿರೋ ಕಾವಲುಗಾರರನ್ನ ಮಲಗಿಸಿಬಿಡತ್ತೆ. ಕಳ್ಳನಿಗೆ ಬಾಗಿಲು ತೆಗೆದು ಹಾಸಿಗೆ ಹಾಸಿಕೊಟ್ಟ ಹಾಗೆ."

ಅವರು ಹೊಪ್ಪಳೆಯನ್ನು ಗಾಜಿನ ಮೇಲೆ ಕೆರೆದು, ಕ್ಷಾರದ ಹನಿ ಹಾಕಿ, ಸ್ವಲ್ಪ ಬಿಸಿ ತೋರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನಾನು ನೋಡಿದೆ. ಚರ್ಮದ ಕೋಶಗಳ ನಡುವೆ ಕವಲೊಡೆದ ಬೂಷ್ಟಿನ ಎಳೆಗಳು ಸ್ಪಷ್ಟವಾಗಿದ್ದವು. ಭಾವನೂ ಬಗ್ಗಿ ನೋಡಿದ.

"ಇದು ನಮ್ಮ ಚೀಲದೊಳಗಿರೋ ಥರಾನೇ ಇದೆಯಲ್ಲ," ಎಂದ. ಅವನ ದನಿಯಲ್ಲಿ ಹೆದರಿಕೆಗಿಂತ ಅಕ್ಕರೆಯೇ ಹೆಚ್ಚಿತ್ತು.

"ಯಾವ ಚೀಲ?"

ಭಾವ ಅಣಬೆಯ ವಿಷಯ ಹೇಳಿದ. ಆಕೆ ಪೆನ್ನು ಕೆಳಗಿಟ್ಟು, "ಪಂಜರ ಎಲ್ಲಿರತ್ತೆ?" ಎಂದು ಕೇಳಿದರು.

"ಬೆಳೆಕೋಣೆ ಬಾಗಿಲ ಹತ್ರ, ಓಣಿಲಿ. ಮಂಜು ಬರತ್ತೆ, ತಂಪಾಗಿರತ್ತೆ. ಅದಕ್ಕೂ ಖುಷಿ."

"ಅದಕ್ಕಲ್ಲ, ಅದರ ಮುಖದ ಮೇಲಿರೋದಕ್ಕೆ ಖುಷಿ," ಎಂದು ಆಕೆ ತಲೆ ಅಲ್ಲಾಡಿಸಿದರು. "ಅಣಬೆಯಿಂದ ಈ ರೋಗ ಬಂತು ಅಂತ ನಾನು ಹೇಳಲ್ಲ. ಇವೆರಡೂ ಬೇರೆ ಕುಲ, ದೂರದ ದಾಯಾದಿಗಳು. ಆದ್ರೆ ಬಿಸಿಲಿಲ್ಲದ, ಗಾಳಿಯಾಡದ, ಸದಾ ಒದ್ದೆ ಇರೋ ಜಾಗದಲ್ಲಿ ಯಾವ ಚರ್ಮ ತಾನೇ ತಾಳತ್ತೆ? ಔಷಧಿ ನಾನು ಕೊಡ್ತೀನಿ. ಜಾಗ ನೀವು ಬದಲಾಯಿಸಿ. ಜಾಗ ಬದಲಾಗದೆ ಔಷಧಿ ಬರೀ ನೀರು."

ಜಾಗವೆಂದರೆ ಮಹಡಿಯ ನನ್ನ ಕೋಣೆ. ಬೆಳಗಿನ ಬಿಸಿಲು ನೇರವಾಗಿ ಬೀಳುವ ಕಿಟಕಿ ಅಲ್ಲಿತ್ತು. ಗಾಜಿನ ಮೂಲಕ ಬಂದ ಬಿಸಿಲಿಂದ ಪ್ರಯೋಜನವಿಲ್ಲವೆಂದು ಕಿಟಕಿಯನ್ನು ತೆರೆದಿಟ್ಟು, ಹಕ್ಕಿಗೆ ಬೇಕೆನಿಸಿದಾಗ ಸರಿದು ಕೂರಲು ಪಂಜರದ ಅರ್ಧಕ್ಕೆ ಬಟ್ಟೆಯ ನೆರಳು ಮಾಡಿದೆ. ಹಳೆಯ ಮರದ ಕೋಲುಗಳನ್ನು ಸುಟ್ಟು ಹೊಸದನ್ನು ಕಟ್ಟಿದೆ. ಪಂಜರವನ್ನು ಕುದಿನೀರಿನಲ್ಲಿ ತೊಳೆದು ಒಣಗಿಸಿದೆ. ತಳದ ಕಾಗದ ದಿನವೂ ಬದಲಾಗಬೇಕು, ನೀರಿನ ಬಟ್ಟಲು ದಿನವೂ ತಿಕ್ಕಬೇಕು, ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಬೇಕು. ಬಾಯಿಗೆ ಹಾಕುವ ಹನಿಗಳ ಪ್ರಮಾಣ ಹಕ್ಕಿಯ ತೂಕಕ್ಕೆ ತಕ್ಕಂತಿರಬೇಕಾದ್ದರಿಂದ, ಅಣಬೆ ತುಂಬುವ ಹೊಸ ಡಬ್ಬಿಯೊಂದರಲ್ಲಿ ದೊರೆಯನ್ನು ಕೂರಿಸಿ ತೂಕ ಮಾಡಿದೆವು.

"ಅರೆಪಾವಿನಷ್ಟೂ ಇಲ್ಲ, ಅರಮನೆಯಷ್ಟು ರಗಳೆ," ಎಂದ ಭಾವ.

"ನೀನು ಹುಟ್ಟಿದಾಗ ಎಷ್ಟಿದ್ದೆ ಅಂತ ನಾನು ಹೇಳ್ಲಾ?" ಎಂದರು ಅತ್ತೆ.

ಕಷ್ಟವಿದ್ದದ್ದು ಹಿಡಿಯುವುದರಲ್ಲಿ. ಹಕ್ಕಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರು ಸೆಳೆಯುವ ಸ್ನಾಯುವಿನ ಪರದೆಯಿಲ್ಲ. ಎದೆಯ ಮೂಳೆಯೇ ಮುಂದೆ ಹಿಂದೆ ಆಡಿ ಗಾಳಿಯನ್ನು ಒಳಗೆ ಎಳೆಯಬೇಕು. ಬಿಗಿಯಾಗಿ ಹಿಡಿದರೆ ಮೂಗು ಬಾಯಿ ಎರಡೂ ತೆರೆದಿದ್ದರೂ ಅದು ಉಸಿರುಕಟ್ಟಿ ಸಾಯುತ್ತದೆ. ಆದ್ದರಿಂದ ಬಟ್ಟೆಯಲ್ಲಿ ಸುತ್ತಿ, ತಲೆಯನ್ನು ಮಾತ್ರ ಎರಡು ಬೆರಳ ನಡುವೆ ನಿಲ್ಲಿಸಿ, ಎದೆಯನ್ನು ಮುಟ್ಟದೆ ಬಿಡಬೇಕು. ಇಷ್ಟನ್ನೂ ನಾನು ಓದಿ ತಿಳಿದಿದ್ದೆ. ದೊರೆ ನನ್ನ ಹೆಬ್ಬೆರಳನ್ನು ಕಚ್ಚಿ ರಕ್ತ ತೆಗೆದ. ಭಾವನ ಕೈಗೆ ಸಿಗಲೇ ಇಲ್ಲ. ಅತ್ತೆ ಎಲ್ಲಿ ಬಿಗಿಯಾಗಿ ಹಿಡಿದುಬಿಡುತ್ತೇನೋ ಎಂದು ಹಿಂದೆ ಸರಿದರು. ಅಕ್ಕ ಬಂದು ಬಟ್ಟೆಯನ್ನು ಮಡಿಲಲ್ಲಿ ಹರಡಿ, "ಬಾರಪ್ಪ, ಬಾರೋ ನನ್ನ ದೊರೆ," ಎಂದಳು. ಅಣಬೆಯ ಮೊಗ್ಗನ್ನು ನಲುಗಿಸದೆ ಕಿತ್ತು ಅಭ್ಯಾಸವಾದ ಬೆರಳುಗಳು ಅವು. ದೊರೆ ಜುಟ್ಟು ಮಲಗಿಸಿ ಕಣ್ಣು ಮುಚ್ಚಿದ. ನಾನು ಹತ್ತಿ ಸುತ್ತಿದ ಕಡ್ಡಿಯಿಂದ ಕಣ್ಣಿಗೂ ಮೂಗಿನ ತೂತಿಗೂ ತಾಗದಂತೆ ತೆಳುವಾದ ದ್ರವವನ್ನು ಹೊಪ್ಪಳೆಗೆ ಮುಟ್ಟಿಸಿದೆ.

ಹಕ್ಕಿಯ ಧೂಳಿನಿಂದ ಕೆಮ್ಮು ಬಂದವಳು ಹಕ್ಕಿಯನ್ನು ಹಿಡಿಯಬಹುದೇ ಎಂಬುದು ನನ್ನನ್ನು ಕಾಡದೆ ಇರಲಿಲ್ಲ. ಎದೆಯ ಡಾಕ್ಟರಿಗೆ ಫೋನು ಮಾಡಿದಾಗ ಅವರು, ಬೇರೆ ದಾರಿಯೇ ಇಲ್ಲದಿದ್ದರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬೇಗ ಮುಗಿಸಲಿ ಎಂದರು. ಅಕ್ಕ ಮಾಸ್ಕನ್ನು ಮೊದಲ ದಿನ ಹಾಕಿಕೊಂಡಳು. ದೊರೆ ಅದನ್ನು ಕಂಡು ಬೆಚ್ಚಿ ಪಂಜರದ ಕಂಬಿಗಳಿಗೆ ಬಡಿದುಕೊಂಡದ್ದರಿಂದ ಮರುದಿನ ತೆಗೆದಿಟ್ಟಳು. "ಅವನಿಗೆ ನನ್ನ ಮುಖ ಕಾಣ್ಬೇಕಂತೆ. ಮುಖ ಸಿಂಡರಿಸ್ಕೊಂಡ್ರೂ ಪರವಾಗಿಲ್ಲವಂತೆ," ಎಂದು ನನ್ನ ಆಕ್ಷೇಪಣೆಯನ್ನು ತಳ್ಳಿಹಾಕಿದಳು.

ಇನ್ನೊಂದು ನಿಯಮ ಪಶುವೈದ್ಯೆಯದು. ಬೆಳೆಕೋಣೆಯ ಬಟ್ಟೆಯಲ್ಲಿ, ಬೆಳೆಕೋಣೆಯ ಕೈಯಲ್ಲಿ ಯಾರೂ ಹಕ್ಕಿಯ ಹತ್ತಿರ ಬರಕೂಡದು. ನಾನು ಅದನ್ನು ಇನ್ನೂ ಬಿಗಿಗೊಳಿಸಿದೆ: ಹಕ್ಕಿ ಹಿಡಿಯುವವರು ಬೆಳೆಕೋಣೆಗೆ ಕಾಲಿಡಲೇಬಾರದು. ಭಾವ ತಕರಾರು ತೆಗೆದ.

"ಹಾಗಾದ್ರೆ ಕೊಯ್ಲು?"

"ನೀವೇ ಕೊಯ್ಯಿರಿ, ಭಾವ."

"ನಾನು ಕೊಯ್ದ್ರೆ ಬುಡ ಸಮೇತ ಬರತ್ತೆ. ನಿನ್ನ ಅಕ್ಕ ಬೈತಾಳೆ."

"ಬೈಯಲ್ಲ," ಎಂದಳು ಅಕ್ಕ. "ಬೈಯೋಷ್ಟು ಉಸಿರು ಎಲ್ಲಿದೆ ನನಗೆ?"

ಅವಳ ಏಪ್ರನ್ ಮೊಳೆಯ ಮೇಲೆಯೇ ಉಳಿಯಿತು. ಅತ್ತೆ ಚೀಲ ಕಟ್ಟಲು ನಿಂತರು, ಭಾವ ಕೊಯ್ಯಲು ನಿಂತ. ಅಕ್ಕ ಹಗಲಿಡೀ ನನ್ನ ಕೋಣೆಯಲ್ಲಿ ದೊರೆಯ ಪಕ್ಕದಲ್ಲಿ ಕೂತು, ಹರಿದ ಬಟ್ಟೆಗಳಿಗೆ ತೇಪೆ ಹಾಕುತ್ತಾ, ಹೊತ್ತು ಹೊತ್ತಿಗೆ ಔಷಧಿ ಕುಡಿಸುತ್ತಿದ್ದಳು. ಸಂಜೆ ನಾನು ಪ್ರಯೋಗಾಲಯದಿಂದ ಬರುವಾಗ ಅವಳ ತೋಳಿನ ಮೇಲೆ, ಕೂದಲಲ್ಲಿ, ಗರಿಯ ಬೂದಿಬಣ್ಣದ ಧೂಳು ಕೂತಿರುತ್ತಿತ್ತು. ಕಾಕಟೀಲ್ ಧೂಳಿನ ಹಕ್ಕಿ; ಮೈ ಕೊಡವಿದರೆ ಬಿಸಿಲ ಕೋಲಿನಲ್ಲಿ ಅದು ಹೊಗೆಯಂತೆ ಕಾಣುತ್ತದೆ. ಕಳವಳದಿಂದ ನಾನು ದಿನವೂ ಕೇಳುತ್ತಿದ್ದೆ:

"ಎದೆ ಹೇಗಿದೆ?"

"ಇದೆ."

ಮೂರನೆಯ ವಾರದ ಒಂದು ಸಂಜೆ ಮೆಟ್ಟಿಲು ಹತ್ತುವಾಗ ಕೋಣೆಯೊಳಗಿಂದ ಅಕ್ಕನ ಕೆಮ್ಮು ಕೇಳಿಸಿತು. ಅದೇ ಒಣಕೆಮ್ಮು, ಕೊನೆಯಲ್ಲಿ ಸಣ್ಣ ಎಳೆತ. ಗಾಬರಿಯಿಂದ ಬಾಗಿಲು ತಳ್ಳಿದರೆ ಅಕ್ಕ ಅಲ್ಲಿರಲಿಲ್ಲ. ದೊರೆ ಹೊಸ ಕೋಲಿನ ಮೇಲೆ ಕೂತು, ಜುಟ್ಟೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೊಮ್ಮೆ ಕೆಮ್ಮಿದ. ಹಿಂದಿನಿಂದ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಬಂದ ಅಕ್ಕ ನಗುತ್ತಾ, "ಕಲ್ತುಬಿಟ್ಟಿದಾನೆ ಕಣೇ. ಅತ್ತೆ ಕೆಳಗಿಂದ ‘ಬಿಸಿನೀರು ಕುಡಿಯೇ’ ಅಂತ ಕೂಗ್ತಾರೆ. ಕೆಮ್ಮೋದು ಇವನು, ಕುಡಿಯೋದು ನಾನು," ಎಂದಳು.

ನಾನು ನಗಲಿಲ್ಲ. ಅವಳು ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದ್ದಳು, ಹತ್ತಿ ನಿಂತು ಇಷ್ಟುದ್ದ ಮಾತನ್ನು ಒಂದೇ ಉಸಿರಿಗೆ ಆಡಿದ್ದಳು.

ಆ ಸಂಜೆ ನಾನು ಅವಳ ಎದುರು ಕೂತು ಗಮನವಿಟ್ಟು ನೋಡಿದೆ. ಚಳಿ ಬರಲಿಲ್ಲ. ಮೈ ಬಿಸಿಯಾಗಲಿಲ್ಲ. ಕೆಮ್ಮಿದವನು ದೊರೆ ಒಬ್ಬನೇ. ಯಾವುದೇ ಪ್ರಯೋಗದಲ್ಲಿ ಎರಡು ಕಾರಣಗಳ ಮೇಲೆ ಅನುಮಾನವಿದ್ದರೆ, ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿ ನೋಡಬೇಕು. ಹಕ್ಕಿಯ ಚರ್ಮಕ್ಕಾಗಿ ನಾವು ಮಾಡಿಕೊಂಡ ನಿಯಮ, ಯಾರೂ ಯೋಚಿಸದೆಯೇ ಅದನ್ನು ಅಕ್ಕನ ಮೇಲೆ ಮಾಡಿ ಮುಗಿಸಿತ್ತು. ಹಕ್ಕಿ ಅವಳ ಮಡಿಲಿಗೇ ಬಂದಿತ್ತು, ಬೆಳೆಕೋಣೆ ಮಾತ್ರ ದೂರವಾಗಿತ್ತು. ದೊರೆ ಕಾರಣನಾಗಿದ್ದರೆ ಈ ಹೊತ್ತಿಗೆ ಅವಳು ಹಾಸಿಗೆ ಹಿಡಿದಿರಬೇಕಿತ್ತು.

"ಅಕ್ಕ, ಎದೆ ಡಾಕ್ಟರಿಗೆ ಅಣಬೆ ವಿಷಯ ಹೇಳಿದ್ರಾ?"

"ಕೇಳ್ಲಿಲ್ಲವಲ್ಲ."

"ಏನು ಕೆಲಸ ಮಾಡ್ತೀರಿ ಅಂತ ಕೇಳಿರ್ತಾರೆ."

ಅಕ್ಕ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾದಳು. "ಕೇಳಿದ್ರು. ನಿಮ್ಮ ಭಾವ ಹೇಳಿದ್ರು, ‘ಏನಿಲ್ಲ, ಮನೇಲೇ ಇರ್ತಾಳೆ’ ಅಂತ. ಸುಳ್ಳೇನಲ್ಲ. ಮನೇಲೇ ಇರ್ತೀನಿ ತಾನೆ?"

ಬೆಳಗ್ಗೆ ಐದಕ್ಕೆ ಹುಲ್ಲು ಬೇಯಿಸುವುದರಿಂದ ಹಿಡಿದು ಸಂಜೆಯ ನೀರಿನವರೆಗೆ ಅವಳು ನಿಜವಾಗಿಯೂ ಮನೆಯೊಳಗೇ ಇರುತ್ತಿದ್ದಳು. ಹಕ್ಕಿಯ ಡಾಕ್ಟರು ಪಂಜರ ಎಲ್ಲಿದೆ ಎಂದು ಕೇಳಿದ್ದರು. ಅಕ್ಕನ ಪಂಜರ ಎಲ್ಲಿದೆ ಎಂದು ಕೇಳಿದವರಿರಲಿಲ್ಲ. ಕೇಳಿದ್ದರೂ ಆ ಮನೆಯವರಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಕೆಮ್ಮಿನ ಮೊದಲ ದಿನಗಳಲ್ಲಿ ಅತ್ತೆ ಅವಳ ಕಫ ನೋಡಿ, "ಬಿಳಿ ಇದೆ, ಹಸಿರಾಗಿಲ್ಲ, ಭಯವಿಲ್ಲ," ಎಂದಿದ್ದರಂತೆ. ಇದನ್ನು ಅಕ್ಕ ನನಗೆ ಸಮಾಧಾನದ ಮಾತೆಂಬಂತೆ ಹೇಳಿದಳು.

ನಾನು ನನಗೆ ತಿಳಿದದ್ದನ್ನು ವಿವರಿಸಿದೆ. ಕೊಡೆಯಿಂದ ಉದುರುವ ಪುಡಿ, ಅದು ಗಾಳಿಯಲ್ಲಿ ತೇಲುವುದು, ಎದೆಯ ತೀರ ಆಳಕ್ಕೆ ಇಳಿಯುವುದು, ಬೆಳಗ್ಗೆ ಉಸಿರಾಡಿದ್ದಕ್ಕೆ ಸಂಜೆ ಚಳಿ ಬರುವುದು. ಖಚಿತವಾಗಲು ರಕ್ತ ಪರೀಕ್ಷೆ ಬೇಕು, ಡಾಕ್ಟರಿಗೆ ಪೂರ್ತಿ ಹೇಳಬೇಕು, ಎಂದೆ. ಅಕ್ಕ ಕೇಳಿದಳು. ಕೇಳಿ, ದಾರವನ್ನು ಹಲ್ಲಲ್ಲಿ ಕಡಿದಳು.

"ಹಕ್ಕಿ ಅಂತಲೇ ಇರ್ಲಿ ಬಿಡೇ."

"ಇರ್ಲಿ ಅಂದ್ರೆ ಹಾಗೇ ಇರತ್ತಾ?"

"ನೀನು ಓದಿದೀಯ, ನಿನ್ನ ಕೆಲಸಕ್ಕೆ ಕುರ್ಚಿ ಇದೆ. ಆ ಗೋಡೆ ಒಡೆಸಿದ್ದು ನಾನು. ನಿಮ್ಮ ಭಾವ ಬೇಡ ಅಂದಿದ್ರು. ಮೊದಲನೇ ಚೀಲ ಬಿಳಿ ಹಬ್ಬಿದಾಗ ಇಬ್ರೂ ಅದನ್ನ ಮಧ್ಯದಲ್ಲಿಟ್ಕೊಂಡು ಊಟ ಮಾಡಿದ್ವಿ, ಮಗು ಹುಟ್ಟಿದ ಹಾಗೆ. ಈಗ ಇವರ ಹತ್ರ ಹೋಗಿ, ಇದು ನನಗಾಗಲ್ಲ ಅನ್ನಲಾ?"

"ಹಾಗಾದ್ರೆ ದೊರೆ?"

"ಅವನಿಗೆ ತಾರಸಿ ಇದೆ, ಬಿಸಿಲಿದೆ, ಜೊತೆಗಾರರಿದಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಸಾಯೋದು ಹಾವಲ್ಲ, ಅಕ್ಕ," ಎಂದೆ. ಅವಳು ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಳ್ಳಲು ನೋಡಿದಳು. ನಾನು ಕೊಡಲಿಲ್ಲ, ಆದರೆ ಆ ರಾತ್ರಿಯ ಊಟದಲ್ಲಿ ಹೇಳಲೂ ಇಲ್ಲ. ಭಾವ ಊಟಕ್ಕೆ ಬಂದಾಗ ಅವನ ಬೆರಳುಗಳಲ್ಲೆಲ್ಲ ಚಾಕುವಿನ ಗಾಯಗಳಿದ್ದವು, ಮುಖದಲ್ಲಿ ಸಂತೋಷವಿತ್ತು. ದೊಡ್ಡ ಹೋಟೆಲೊಂದು ಪ್ರತಿ ದಿನ ಅಣಬೆ ಬೇಕೆಂದು ಕೇಳಿತ್ತು.

ದೊರೆಯ ಹೊಪ್ಪಳೆ ಕಳಚಿತು. ಕೆಳಗಿನ ಚರ್ಮ ನಸುಗೆಂಪಾಗಿ, ಆಮೇಲೆ ಬಿಳಿಚಿ, ಕೊನೆಗೆ ಎಳೆಯ ಗರಿಗಳು ಸೂಜಿಮೊನೆಗಳಂತೆ ಎದ್ದವು. ಪಶುವೈದ್ಯೆ ಮತ್ತೆ ಕೆರೆದು ನೋಡಿ ಎಳೆಗಳಿಲ್ಲವೆಂದರು. ಔಷಧಿಯನ್ನು ಇನ್ನಷ್ಟು ದಿನ ಮುಂದುವರಿಸಿ, ಗುಣವಾಯಿತೆಂದು ನಿಲ್ಲಿಸಬೇಡಿ ಎಂದರು. ಆದರೆ ಗುಣವಾಯಿತೆಂಬ ಮಾತಷ್ಟೇ ಮನೆಯಲ್ಲಿ ಕೇಳಿಸಿತು. ಮೇಷ್ಟ್ರು ರವಿವಾರ ಬಂದು ಕರೆದೊಯ್ಯುವುದಾಗಿ ಹೇಳಿದರು. ಶನಿವಾರ ಬೆಳಗ್ಗೆ ನಾನು ಪ್ರಯೋಗಾಲಯಕ್ಕೆ ಹೊರಟ ಮೇಲೆ ಅಕ್ಕ ಏಪ್ರನ್ ಕಟ್ಟಿಕೊಂಡು ಬೆಳೆಕೋಣೆಗೆ ಇಳಿದಳು. ಭಾವನಿಂದ ಕೊಯ್ಲು ತಡವಾಗಿ ಕೊಡೆಗಳೆಲ್ಲ ಬಿಚ್ಚಿಕೊಂಡಿದ್ದವು.

ಸಂಜೆ ಬಂದಾಗ ಅವಳು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೊದಿಕೆಯೊಳಗೂ ನಡುಗುತ್ತಿದ್ದಳು, ತುಟಿ ಬಣ್ಣಗೆಟ್ಟಿತ್ತು. ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಎದೆಯ ಮೂಳೆ ಮುಂದೆ ಹಿಂದೆ ಆಡುತ್ತಿತ್ತು. ಭಾವ ಅವಳ ಬೆನ್ನು ತಿಕ್ಕುತ್ತಾ, "ನಾಳೆ ಅದು ಹೋಗಿಬಿಡತ್ತೆ. ನಾಳೆಯಿಂದ ಸರಿಹೋಗತ್ತೆ," ಎನ್ನುತ್ತಿದ್ದ. ಅವನು ಅದನ್ನು ಪೂರ್ತಿ ನಂಬಿ ಹೇಳುತ್ತಿದ್ದ. ಡಾಕ್ಟರಿಗೆ ಫೋನು ಮಾಡಿ, ಈ ಸಲ ಅಣಬೆಯಿಂದಲೇ ಮಾತು ಶುರುಮಾಡಿದವಳು ನಾನು. ಅವರು ಆಮ್ಲಜನಕವಿರುವ ಕಡೆಗೆ ಕೂಡಲೇ ಕರೆತರಲು ಹೇಳಿದರು. ಭಾವ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಚಪ್ಪಲಿ ಮೆಟ್ಟಿಕೊಂಡ.

ರವಿವಾರ ಮಧ್ಯಾಹ್ನ ಅವಳನ್ನು ಮನೆಗೆ ಕಳಿಸಿದರು. ಮುಂದಿನ ಪರೀಕ್ಷೆಗಳಿಗೆ ಬರೆದುಕೊಟ್ಟಿದ್ದರು, ಬೆಳೆಕೋಣೆಗೆ ಹೋಗಕೂಡದೆಂದು ಖಡಾಖಂಡಿತವಾಗಿ ಹೇಳಿದ್ದರು. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಲಿಲ್ಲ. ಅತ್ತೆ ಮಹಡಿಯಿಂದ ಪಂಜರವನ್ನು ತಾವೇ ಇಳಿಸಿ ತಂದು ನಡುಮನೆಯಲ್ಲಿಟ್ಟಿದ್ದರು. ಮೇಷ್ಟ್ರು ಬರಲು ಇನ್ನೂ ಹೊತ್ತಿತ್ತು.

"ಹೋಗೋವರೆಗೂ ಅವನ ಹಳೇ ಜಾಗದಲ್ಲೇ ಇಡ್ತೀನಿ," ಎಂದು ಅತ್ತೆ ಪಂಜರ ಎತ್ತಿಕೊಂಡು ಓಣಿಯತ್ತ ಹೆಜ್ಜೆಯಿಟ್ಟರು.

"ಬೇಡ ಅತ್ತೆ," ಎಂದಳು ಅಕ್ಕ. ದನಿ ಸಣ್ಣದಾಗಿತ್ತು. "ಅಲ್ಲಿ ಬೇಡ. ಮತ್ತೆ ಬರತ್ತೆ ಅವನಿಗೆ."

ಅತ್ತೆ ನಿಂತರು. ಪಂಜರವನ್ನು ನೆಲಕ್ಕಿಟ್ಟು, ತಿರುಗಿ, ಸೊಸೆಯನ್ನು ನೋಡಿದರು. ಅವರ ನೋಟದಲ್ಲಿ ಸಿಟ್ಟಿತ್ತು. ಅದು ಯಾರ ಮೇಲೆಂದು ಅವರಿಗೂ ಆ ಕ್ಷಣ ತಿಳಿದಿರಲಾರದು.

"ಒಂದು ಹಿಡಿ ಹಕ್ಕಿಗೆ ಆಗದ ಜಾಗ, ನಿನಗೆ ಹೇಗಮ್ಮ ಆಗತ್ತೆ?"

ಹಿಂದಿನಿಂದ ಮಂಜಿನ ಯಂತ್ರ ನಿಟ್ಟುಸಿರಿಟ್ಟಿತು. ಭಾವ ಕಿಟಕಿಯಾಚೆ ನೋಡುತ್ತಾ ನಿಂತಿದ್ದ, ಕೊನೆಗೆ ಜೇಬಿನಿಂದ ಫೋನು ತೆಗೆದು ಮೇಷ್ಟ್ರಿಗೆ, "ಬರಬೇಡಿ ಸಾರ್. ಇಲ್ಲ, ಹಕ್ಕಿ ಚೆನ್ನಾಗೇ ಇದೆ. ಹಕ್ಕಿದೇನೂ ತಪ್ಪಿಲ್ಲ," ಎಂದ. ಫೋನು ಇಟ್ಟು, ಒಂದು ಸಲ ಅಕ್ಕನನ್ನು, ಒಂದು ಸಲ ಓಣಿಯನ್ನು ನೋಡಿದ.

"ಇವತ್ತಿನದು ಕೊಯ್ಯದೆ ಬಿಟ್ರೆ ಎಲ್ಲ ಪುಡಿ ಉದುರಿಸತ್ತೆ. ಇರೋ ಚೀಲಗಳು ಮುಗೀಲಿ. ಆಮೇಲೆ ನೋಡೋಣ."

"ಮುಚ್ಚೋದಾ?" ಎಂದು ಅಕ್ಕ ಕೇಳಿದಳು. ಮಗುವಿನ ವಿಷಯ ಕೇಳುವವಳಂತೆ ಕೇಳಿದಳು.

"ನೋಡೋಣ ಅಂದೆ," ಎಂದ ಭಾವ.

ಅವನು ಮೊಳೆಯಿಂದ ಏಪ್ರನ್ ತೆಗೆದುಕೊಂಡ. ಕೊಡವಿದಾಗ ಬಿಳಿಯ ಪುಡಿ ಹಾರಿತು. ನಾನು ಮಾಸ್ಕ್ ತರಲು ಮಹಡಿಗೆ ಓಡಿದೆ. ನಾನು ಇಳಿದು ಬರುವಷ್ಟರಲ್ಲಿ ಅವನು ಒಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದ.

"ಆ ಏಪ್ರನ್ ಅವರಿಗೆ ಗಿಡ್ಡ ಆಗತ್ತೆ," ಎಂದಳು ಅಕ್ಕ.

ಅತ್ತೆ ಪಂಜರವನ್ನು ಬಿಸಿಲು ಬೀಳುವ ಮುಂಬಾಗಿಲ ಬಳಿ ಸರಿಸಿ, ದೊರೆಗೆ ಕಾಳು ಹಾಕಿದರು. ಅವನು ತಲೆ ತಗ್ಗಿಸಿ, ಹೊಸ ಗರಿಯ ಕೆನ್ನೆ ಅಲುಗಿಸುತ್ತಾ, ಸಿಪ್ಪೆ ಬಿಡಿಸಿ ತಿನ್ನತೊಡಗಿದ. ಅರ್ಧವಾಗಿದ್ದ ಬೊಟ್ಟು ಹೆಚ್ಚುಕಡಿಮೆ ದುಂಡಗಾಗಿತ್ತು. ನಾವು ಮೂವರೂ ಅದನ್ನೇ ನೋಡುತ್ತಾ ಕೂತಿದ್ದಾಗ ಒಂದು ಕೆಮ್ಮು ಕೇಳಿಸಿತು. ಒಣಕೆಮ್ಮು. ತಡೆದು, ಮತ್ತೊಂದು.

"ನೋಡು, ಇವನಿನ್ನೂ ಮರೆತಿಲ್ಲ," ಎಂದು ಅತ್ತೆ ಪಂಜರದತ್ತ ಬಗ್ಗಿದರು.

ದೊರೆಯ ಕೊಕ್ಕಿನ ತುಂಬ ಕಾಳಿತ್ತು. ಅಕ್ಕ ಹೊದಿಕೆ ಸರಿಸಿ, ಬೆಳೆಕೋಣೆಯ ಬಾಗಿಲತ್ತ ನೋಡುತ್ತಾ ಎದ್ದು ನಿಂತಳು. ಮಾಸ್ಕ್ ಇನ್ನೂ ನನ್ನ ಕೈಯಲ್ಲೇ ಇತ್ತು.